ಡ್ರಿಲ್ ಮೇಷ್ಟ್ರು ಕೇಳಲು ಮರೆತದ್ದು

ನಮ್ಮ ಡ್ರಿಲ್ ಮೇಷ್ಟ್ರ ಕೊರಳಲ್ಲಿ ಸದಾ ಎರಡು ದಾರ ಇರುತ್ತಿದ್ದವು. ಕರಿ ದಾರದ ತುದಿಗೆ ಹಿತ್ತಾಳೆಯ ಸೀಟಿ. ಬಿಳಿ ದಾರದ ತುದಿಗೆ ಹೆಬ್ಬೆರಳ ಉಗುರಿನಷ್ಟು ಪುಟ್ಟ ಶಿಲುಬೆ. ಮೇಷ್ಟ್ರು ಒಂದು ಕಡೆ ನಿಂತವರಲ್ಲ. ಹುಡುಗರಿಗೆ ಹಾರುವುದನ್ನು ಹೇಳಿಕೊಡಬೇಕಾದರೆ ತಾವೇ ಮೊದಲು ಹಾರುತ್ತಿದ್ದರು. ಅವರು ಹಾರಿದಂತೆಲ್ಲ ಸೀಟಿಯೂ ಶಿಲುಬೆಯೂ ಎದೆಯ ಮೇಲೆ ಕುಣಿದು ಗಂಟುಬೀಳುತ್ತಿದ್ದವು. ಪ್ರತಿ ಪೀರಿಯಡ್ಡಿನ ಕೊನೆಗೆ ಕಣ್ಣು ಕಿರಿದು ಮಾಡಿಕೊಂಡು, ನಾಲಿಗೆ ಹೊರಗಿಟ್ಟು, ಆ ಗಂಟು ಬಿಡಿಸುವುದು ಅವರಿಗೊಂದು ಕೆಲಸ. ಒಂದು ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿಕೊಂಡು ಭಕ್ತಿಯಿಂದ ಶಿಲುಬೆಗೆ ಮುತ್ತಿಡಲು ಹೋಗಿ ಸೀಟಿಯನ್ನೇ ತುಟಿಗಿಟ್ಟುಕೊಂಡದ್ದನ್ನು ನಾನೇ ನೋಡಿದ್ದೇನೆ. ಪುಣ್ಯಕ್ಕೆ ಊದಲಿಲ್ಲ.

ಇನ್ನು ಅವರ ದನಿ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಶಾಲೆ. ಅಲ್ಲಿಂದ ಅವರು "ಸಾವ್‌ಧಾನ್!" ಎಂದರೆ ಎದುರು ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವರೂ ಒಂದು ಗಳಿಗೆ ನೆಟ್ಟಗೆ ಕೂರುತ್ತಿದ್ದರು. ಪಕ್ಕದ ದವಾಖಾನೆಯ ಡಾಕ್ಟರು ಒಮ್ಮೆ ಬಂದು, "ಮೇಷ್ಟ್ರೇ, ನೀವು ವಿಶ್ರಾಮ್ ಅಂದಾಗ ನನ್ನ ಪೇಶಂಟ್‌ಗಳಿಗೆ ಆರಾಮಾಗ್ತೈತೆ, ಅದು ಸರಿ. ಆದ್ರೆ ಸಾವ್‌ಧಾನ್ ಅಂದಾಗ ಬಿಪಿ ಏರ್ತೈತಲ್ರಿ" ಎಂದು ಹೇಳಿ ಹೋಗಿದ್ದರಂತೆ.

ಆಟದ ಸಾಮಾನಿನ ಕೋಣೆಯ ಕೀಲಿ ಮೇಷ್ಟ್ರ ಹತ್ತಿರ. ಹೀಗಾಗಿ ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಇಡೀ ಶಾಲೆಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತಿತ್ತು. "ನಮಸ್ಕಾರ ಸಾ, ನಮಸ್ಕಾರ ಸಾ" ಎನ್ನುತ್ತ ಹುಡುಗರು ಬಾಗಿಲಿಗೆ ಮುತ್ತಿಕೊಳ್ಳುತ್ತಿದ್ದರು.

ಮೇಷ್ಟ್ರು ಸೊಂಟಕ್ಕೆ ಕೈಕೊಟ್ಟು ಕೇಳುತ್ತಿದ್ದರು: "ನಮಸ್ಕಾರ ನನಗೋ, ಬಾಲಿಗೋ?"

"ನಿಮಗೇ ಸಾ!"

"ಹಂಗಾದ್ರೆ ನಮಸ್ಕಾರ ಮುಟ್ಟಿತು, ಹೋಗ್ರಿ. ಬಾಲ್ ಇಲ್ಲ."

ಆಗ ಏಳುತ್ತಿದ್ದ ಗೋಳಾಟ ನೋಡಬೇಕಿತ್ತು. ಕೊನೆಗೆ ಅವರೇ ನಕ್ಕು ಬಾಲ್ ಎಸೆಯುತ್ತಿದ್ದರು. ಬಾಲ್ ನೆಲಕ್ಕೆ ಬೀಳುವ ಮೊದಲೇ ಬಾಗಿಲು ಖಾಲಿ. ಒಬ್ಬನೂ ತಿರುಗಿ ನೋಡುತ್ತಿರಲಿಲ್ಲ.

ಒಂದು ದಿನ ನನ್ನ ಕಾಲು ಉಳುಕಿತ್ತು. ಆಡುವಂತಿರಲಿಲ್ಲ. ಕುಂಟುತ್ತ ಹೋಗಿ ಆ ಕೋಣೆಯ ಹೊಸ್ತಿಲ ಮೇಲೆ ಕೂತೆ. ಮೇಷ್ಟ್ರು ಕಾಗದದ ಮೇಲೆ ಮಂಡಕ್ಕಿ ಹರವಿಕೊಂಡು, ಮೆಣಸಿನಕಾಯಿ ಬಜ್ಜಿ ಕಚ್ಚಿಕೊಂಡು ಕೂತಿದ್ದರು.

"ಬಾಲೆಲ್ಲಾ ಖಾಲಿ ಕಣಲೇ" ಎಂದರು, ತಲೆ ಎತ್ತದೆ.

"ಬಾಲ್ ಬ್ಯಾಡ ಸಾ. ಸುಮ್ನೆ ಬಂದೆ."

ಅವರ ಬಾಯಲ್ಲಿದ್ದ ಬಜ್ಜಿ ಅಲ್ಲೇ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕಾಗದವನ್ನು ನಮ್ಮಿಬ್ಬರ ನಡುವೆ ಎಳೆದು, ಉಳಿದ ಒಂದೇ ಬಜ್ಜಿಯನ್ನು ನನ್ನ ಕಡೆ ತಳ್ಳಿದರು. ಊರ ಹತ್ತಿರದ ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿನಲ್ಲಿ ಅವರು ಹುಡುಗರಾಗಿದ್ದಾಗ ಡೇರೆ ಸಮೇತ ಕೆರೆಯ ಕಡೆ ಜಾರಿದ ಕತೆ ಹೇಳಿದರು. ಬೆಲ್ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ. ನಿಜ ಹೇಳಬೇಕೆಂದರೆ ಕಾಲು ಸರಿಯಿದ್ದಿದ್ದರೆ ನಾನೂ ಬಾಲಿನ ಹಿಂದೆಯೇ ಓಡುತ್ತಿದ್ದೆ. ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮುಂದೆ ಎಷ್ಟೋ ವರ್ಷ, ಯಾರೇ ಸಿಕ್ಕರೂ ನನ್ನ ಹೆಗಲ ಮೇಲೆ ಕೈಹಾಕಿ, "ಇವನು ಬಾಲ್ ಕೇಳ್ದೆ ಬಂದವನು" ಎಂದು ಪರಿಚಯ ಮಾಡಿಸುತ್ತಿದ್ದರು. ನಾನು ಹೈಸ್ಕೂಲ್ ಮೇಷ್ಟ್ರಾದ ಮೇಲೂ ಅವರ ಬಾಯಲ್ಲಿ ನನ್ನ ಪದವಿ ಅದೇ.

ನಾವೂ ಅವರೂ ಒಂದೇ ಚರ್ಚಿಗೆ ಹೋಗುವವರು. ನಮ್ಮಮ್ಮ ಮಂಡಿಯೂರಿದಳೆಂದರೆ ಯೇಸುಸ್ವಾಮಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ನನಗೆ ನೌಕರಿ, ತಂಗಿಗೆ ಗಂಡು, ಎಮ್ಮೆಗೆ ಕರು, ಅಪ್ಪನ ಮಂಡಿನೋವಿಗೆ ಪರಿಹಾರ, ಕಿರಾಣಿ ಅಂಗಡಿಯಲ್ಲಿ ನಿಂತು ಸಾಮಾನು ಕೇಳಿದ ಹಾಗೆ. ಮುಗಿಯಿತೋ, ಶಿಲುಬೆಯ ಗುರುತು ಹಾಕಿಕೊಂಡು ಮನೆಗೆ. ಮೇಷ್ಟ್ರ ಪ್ರಾರ್ಥನೆಯ ರೀತಿಯೇ ಬೇರೆ. ಸಂಜೆ ಶಾಲೆ ಬಿಟ್ಟ ಮೇಲೆ ಬೂಟಿನ ಧೂಳು ಕೊಡವಿ, ಹಿಂದಿನ ಬೆಂಚಿನಲ್ಲಿ ಕೂತು, ಆ ದಿನ ನಡೆದದ್ದನ್ನು ಒಂದೂ ಬಿಡದೆ ಹೇಳುತ್ತಿದ್ದರು. ಆರನೇ ಕ್ಲಾಸಿನವರ ಕಬಡ್ಡಿ, ಹೆಡ್‌ಮೇಷ್ಟ್ರ ಜೊತೆ ಆದ ಜಟಾಪಟಿ, ಬೆಳಿಗ್ಗೆ ತಿಂದ ಬೆಣ್ಣೆ ದೋಸೆ. ನಡುನಡುವೆ ನಗು. ಆಮೇಲೆ ತುಂಬಾ ಹೊತ್ತು ಸುಮ್ಮನೆ ಕೂರುವುದು. ಊರಿಗೆ ಹೊಸದಾಗಿ ಬಂದ ಫಾದರ್, ಇವರು ಚರ್ಚಿನೊಳಗೆ ಫೋನಿನಲ್ಲಿ ಹರಟುತ್ತಿದ್ದಾರೆಂದು ತಿಳಿದು ಗದರಿಸಲು ಬಂದಿದ್ದರು. ಮೇಷ್ಟ್ರು ಎರಡೂ ಖಾಲಿ ಕೈ ಎತ್ತಿ ತೋರಿಸಿದರಂತೆ.

ಒಮ್ಮೆ ಅಮ್ಮ ಅವರನ್ನೇ ತರಾಟೆಗೆ ತೆಗೆದುಕೊಂಡಳು. "ಅಲ್ರೀ ಮೇಷ್ಟ್ರೇ, ಅಷ್ಟು ಹೊತ್ತು ಕೂತ್ಕಂಡು ಏನೂ ಕೇಳ್ದೆ ಎದ್ದು ಬರ್ತೀರಲ್ಲ, ಅದೂ ಒಂದು ಪ್ರಾರ್ಥನೇನಾ?"

"ಕೇಳೋದು ತಪ್ಪಲ್ಲಮ್ಮ. ನಾನೂ ಕೇಳ್ತೀನಿ. ಆದ್ರೆ ನನ್ನ ರೂಮಿನ ಬಾಗಿಲಿಗೆ ದಿನಾ ಹುಡುಗ್ರು ಬರ್ತಾರೆ ನೋಡ್ರಿ. ಬಾಲ್ ಸಿಕ್ಕ ಕೂಡ್ಲೇ ಓಡ್ತಾರೆ. ನನಗೇನೂ ಸಿಟ್ಟಿಲ್ಲ. ಆದ್ರೂ ಒಬ್ನಾದ್ರೂ ಕೂತ್ರೆ ಚೆನ್ನಾಗಿತ್ತು ಅನ್ನಿಸ್ತೈತೆ. ನನಗೇ ಹಂಗನ್ನಿಸಿದ್ರೆ, ಆ ಸ್ವಾಮಿಗೆ ಅನ್ನಿಸಲ್ವಾ?"

ಆ ಸಂಜೆ ಅಮ್ಮ ಎಲ್ಲ ಕೇಳಿ ಮುಗಿಸಿದ ಮೇಲೆ, "ಮತ್ತೆ ನೀನು ಹೆಂಗಿದೀಯಪ್ಪಾ?" ಎಂದು ಸ್ವಾಮಿಯನ್ನು ವಿಚಾರಿಸಿದಳು. ನಾನು ಪಕ್ಕದಲ್ಲೇ ಇದ್ದೆ, ನಗು ತಡೆದುಕೊಂಡು.

ಮೇಷ್ಟ್ರ ನಿವೃತ್ತಿಗೆ ಇನ್ನೂ ಒಂದೆರಡು ವರ್ಷವಿತ್ತು. ದನಿ ಒಡೆಯತೊಡಗಿತು. ಮೊದಲು ಶೀತ ಎಂದರು, ಆಮೇಲೆ ಧೂಳು ಎಂದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿದ ಡಾಕ್ಟರು ಗಡ್ಡೆ ಇದೆ ಎಂದರು. ಆಪರೇಷನ್ ಮಾಡಿದರೆ ಜೀವಕ್ಕೆ ಭಯವಿಲ್ಲ, ದನಿಯ ಮಾತು ಮಾತ್ರ ಹೇಳಲಾಗದು ಎಂದರು. ಆ ದನಿ ಇಲ್ಲದ ಮೈದಾನವನ್ನು ನಾವು ಕಂಡವರೇ ಅಲ್ಲ.

ನನ್ನ ಜೊತೆ ಓದಿದ ರಫೀಕ್ ಆಗಲೇ ಆಟೋ ಓಡಿಸುತ್ತಿದ್ದ. ಆಪರೇಷನ್ನಿನ ಹಿಂದಿನ ವಾರ ನನ್ನನ್ನೂ ಕೂರಿಸಿಕೊಂಡು ಆಟೋ ತಂದು ಮೇಷ್ಟ್ರ ಮನೆ ಮುಂದೆ ನಿಲ್ಲಿಸಿಯೇಬಿಟ್ಟ. "ಹತ್ರಿ ಸಾ, ಹರಿಹರದ ಮಾತೆ ಚರ್ಚಿಗೆ ಹೋಗಾನ. ನಮ್ಮಮ್ಮಿ ನನಗೋಸ್ಕರ ಅಲ್ಲೇ ಹರಕೆ ಹೊತ್ತಿದ್ದು. ಕೇಳಿದ್ರೆ ಖಾಲಿ ಕೈಲಿ ಕಳ್ಸಲ್ಲ."

ಮೇಷ್ಟ್ರ ಹೆಂಡತಿಯನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಅವರು ಸೆರಗು ಬಿಗಿದು ಗಂಡನ ಮುಂದೆ ನಿಂತರು. "ನೋಡ್ರಿ, ಇವತ್ತು ನಿಮ್ಮ ಕಬಡ್ಡಿ ದೋಸೆ ಕತೆ ಎಲ್ಲಾ ಬ್ಯಾಡ. ನೆಟ್ಟಗೆ ಹೋಗಿ, ದನಿ ಉಳಿಸಪ್ಪಾ ಅಂತ ಕೇಳ್ರಿ. ಅಷ್ಟೇ."

"ಆತು ಮಾರಾಯ್ತಿ, ಕೇಳ್ತೀನಿ."

"ಆಣೆ?"

"ಆಣೆ ಎಲ್ಲಾ ಮಾಡ್ಬಾರ್ದು ಅಂತ ಸ್ವಾಮಿನೇ ಹೇಳ್ಯಾನೆ. ಕೇಳ್ತೀನಿ ಅಂದ್ರೆ ಕೇಳ್ತೀನಿ."

ದಾರಿಯುದ್ದಕ್ಕೂ ರಫೀಕ್ ಅವರಿಗೇ ಡ್ರಿಲ್ ಮಾಡಿಸಿದ. "ಏನು ಕೇಳ್ತೀರಿ ಸಾ?" "ದನಿ." "ಜೋರಾಗಿ!" "ಜೋರಾಗೋಕೆ ದನಿ ಎಲ್ಲೈತಲೇ, ಅದಕ್ಕೇ ಅಲ್ವಾ ಹೊರಟಿರೋದು!" ಅಕ್ಕೋರೂ ನಕ್ಕುಬಿಟ್ಟರು.

ಹಬ್ಬದ ದಿನವಲ್ಲ, ಹೀಗಾಗಿ ಚರ್ಚಿನಲ್ಲಿ ಜನ ಕಡಿಮೆ. ಮೇಷ್ಟ್ರು ಒಬ್ಬರೇ ಒಳಗೆ ಹೋದರು. ಅವರ ಮನಸ್ಸು ಚೆದುರಬಾರದೆಂದು ನಾವು ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಹೊತ್ತು ಹೋಯಿತು. ನೆರಳು ಮೆಟ್ಟಿಲು ಇಳಿಯಿತು. "ಚೆನ್ನಾಗಿ ಕೇಳ್ತಿದಾರೆ" ಎಂದ ರಫೀಕ್. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೇಷ್ಟ್ರು ಹೊರಬಂದರು. ಮುಖದಲ್ಲಿ ಎಂಥಾ ಕಳೆ! ಮದುವೆ ಊಟ ಮುಗಿಸಿ ಬಂದವರ ಹಾಗೆ.

"ಕೇಳಿದ್ರಾ?" ಅಕ್ಕೋರು ಎದ್ದು ನಿಂತರು.

ಮೇಷ್ಟ್ರು ಒಂದು ಕ್ಷಣ ಅವರನ್ನೇ ನೋಡಿದರು. ಆಮೇಲೆ ಹಣೆಗೆ ಪಟ್ಟನೆ ಹೊಡೆದುಕೊಂಡರು.

"ಅಯ್ಯೋ, ಮರ್ತೇಬಿಟ್ಟೆ ಕಣೇ!"

ರಫೀಕ್ ತಲೆ ಮೇಲೆ ಕೈಹೊತ್ತು ಕೂತ. ಅಕ್ಕೋರಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ಮತ್ತೆ ಇಷ್ಟೊತ್ತು ಒಳಗೆ ಏನ್ ಮಾಡಿದ್ರಿ?"

"ಕೇಳ್ಬೇಕಂತಾನೇ ಕೂತೆ. ಸ್ವಾಮಿ, ರಫೀಕ ಕರ್ಕೊಂಡು ಬಂದ ಅಂದೆ. ರಫೀಕ ಅಂದ ಕೂಡ್ಲೇ ಅವನು ಮರ ಹತ್ತಿ ಇಳಿಯಾಕೆ ಬರ್ದೆ ಅತ್ತಿದ್ದು ನೆನಪಾತು. ಅದನ್ನ ಹೇಳಿದೆ. ಅಲ್ಲಿಂದ ಮಾತು ಎಲ್ಲೆಲ್ಲೋ ಹೋತು. ಆಮೇಲೆ ಮಾತೂ ನಿಂತುಹೋತು. ಸುಮ್ನೆ ಕೂತೆ. ಬಾಳ ಆರಾಮಾಗಿತ್ತು ಕಣೇ. ಗಂಟಲೈತೆ ಅನ್ನೋದೇ ಮರೆತುಹೋತು."

"ಕೂಡ್ರಿ ಇಲ್ಲೇ! ನಾನೇ ಕೇಳ್ಕೊಂಡು ಬರ್ತೀನಿ" ಎಂದು ಅಕ್ಕೋರು ದುಡುದುಡು ಒಳಗೆ ನಡೆದರು.

"ಹೋಗು ಹೋಗು" ಎಂದರು ಮೇಷ್ಟ್ರು ಮೆಲ್ಲಗೆ. "ನಿನ್ನ ಜೊತೆ ಮಾತಾಡಿ ಆತನಿಗೂ ಬಾಳ ದಿನ ಆಗಿರ್ಬೇಕು."

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಬಾಯಿಂದ ಬರುತ್ತಿದ್ದದ್ದು ಒಣಗಿದ ಎಲೆ ಸರಿದಾಡಿದಂಥ ಪಿಸುದನಿ ಮಾತ್ರ. ನನಗೆ ಸಿಟ್ಟು ಬಂತು. ಚರ್ಚಿಗೆ ಹೋಗುವುದು ಬಿಟ್ಟೆ. ಇಷ್ಟು ವರ್ಷ ಸ್ವಾಮಿಯ ಜೊತೆ ಕೂತವರಿಗೇ ಹೀಗಾದರೆ ಕೂತು ಏನು ಬಂತು? ಒಂದು ಸಂಜೆ ಅವರ ಮನೆಗೆ ಹೋಗಿ ಅದನ್ನೇ ಹೇಳಿದೆ. "ನೀವು ಕೇಳ್ಬೇಕಿತ್ತು ಸಾ. ನೀವು ಕೇಳಿದ್ರೆ ಕೊಡ್ತಿದ್ದ."

ಮೇಷ್ಟ್ರು ಏನೋ ಅಂದರು. ಕೇಳಿಸಲಿಲ್ಲ. ಬೆರಳು ಆಡಿಸಿ ಕರೆದರು. ಕುರ್ಚಿ ಎಳೆದುಕೊಂಡು ಹತ್ತಿರ ಹೋದೆ. ಇನ್ನೂ ಹತ್ತಿರ ಎಂದು ಸನ್ನೆ ಮಾಡಿದರು. ಅವರ ಬಾಯಿಗೆ ಕಿವಿ ಇಟ್ಟೆ.

"ಆಮೇಲೆ ನಾನೂ ಕೇಳಿದೆ ಕಣಲೇ. ಆಸ್ಪತ್ರೆಯಾಗೆ ಬಾಳ ಸಲ ಕೇಳಿದೆ. ಅತ್ತೆ. ಸುಳ್ಳು ಯಾಕ ಹೇಳ್ಲಿ? ಯಾಕ ಕೊಡ್ಲಿಲ್ಲ, ಗೊತ್ತಿಲ್ಲ. ಆದ್ರೆ ಅತ್ತು ಮುಗಿಸಿ ನೋಡಿದ್ರೆ ಆತ ಅಲ್ಲೇ ಕೂತಿದ್ದ. ಬಾಲ್ ಹೋತು, ಮೇಷ್ಟ್ರು ಹೋಗ್ಲಿಲ್ಲ. ನೀನು ಯಾಕಲೇ ಓಡ್ತೀಯಾ? ನೀನು ಬಾಲ್ ಕೇಳ್ದೆ ಬಂದವನು."

ಅವರು ನನ್ನ ಕಿವಿ ಹಿಂಡಿ ಮುಂದುವರಿಸಿದರು: "ಇನ್ನೊಂದು ನೋಡು. ಮೊದ್ಲು ಇಡೀ ಬಡಾವಣೆಗೆ ಕೇಳ್ತಿತ್ತು, ಯಾರೂ ಹತ್ರ ಬರ್ತಿರ್ಲಿಲ್ಲ. ಈಗ ಕೇಳ್ಬೇಕಂದ್ರೆ ಹಿಂಗೆ ಪಕ್ಕಕ್ಕೇ ಬರ್ಬೇಕು. ಲಾಭನೇ ಆತಲ್ಲೋ!"

ಹಾಗೇ ಆಯಿತು. ಮೈದಾನದಲ್ಲಿ ಸೀಟಿ ಊದುತ್ತಿದ್ದರು, ಅಷ್ಟೇ. ಉಳಿದದ್ದನ್ನು ಕೇಳಲು ಹುಡುಗರು ಸುತ್ತ ಮುತ್ತಿಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಅಷ್ಟು ಶಿಸ್ತನ್ನು ಅವರ ದೊಡ್ಡ ದನಿಯೂ ತಂದಿರಲಿಲ್ಲ. ಮಧ್ಯಾಹ್ನ ಬಾಲ್ ಕೊಟ್ಟ ಮೇಲೂ ಒಬ್ಬಿಬ್ಬರು ಹೊಸ್ತಿಲ ಮೇಲೆ ಉಳಿಯತೊಡಗಿದ್ದರಂತೆ. ನಾನೂ ಮುಂದಿನ ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಅವರ ಪಕ್ಕ ಕೂತೆ. ಸ್ವಾಮಿಗೆ ಹೇಳಲು ಸಿಟ್ಟಿನ ಹೊರತು ನನ್ನಲ್ಲಿ ಏನೂ ಇರಲಿಲ್ಲ. ಅದನ್ನೇ ಹೇಳಿದೆ.

ನಿವೃತ್ತಿಯಾಗಿ ಎಷ್ಟೋ ವರ್ಷ ಚೆನ್ನಾಗಿಯೇ ಬಾಳಿ, ಹೋದ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಪೆಟ್ಟಿಗೆಯಲ್ಲಿ ಮಲಗಿಸಿದಾಗ ಕೊರಳಲ್ಲಿ ಎರಡೂ ದಾರ ಇದ್ದವು, ಎಂದಿನಂತೆ ಗಂಟುಬಿದ್ದಿದ್ದವು. ನಾನು ಬಿಡಿಸಲು ಬಗ್ಗಿದೆ. ಅಕ್ಕೋರು ಕೈ ತಡೆದರು. "ಇರ್ಲಿ ಬಿಡಪ್ಪಾ. ಅಲ್ಲಿ ಹೋಗಿ ಕೂತ್ಕಂಡು ಬಿಡಿಸ್ಲಿ. ಮಾತಾಡ್ತಾ ಮಾತಾಡ್ತಾ ಕೈಗೂ ಒಂದು ಕೆಲಸ ಬೇಕಲ್ಲ."

ಈ ಸಲದ ಮಾತೆಯ ಹಬ್ಬಕ್ಕೆ ನಾನೂ ನನ್ನ ಹೆಂಡತಿಯೂ ಹರಿಹರಕ್ಕೆ ಹೋಗಿದ್ದೆವು, ರಫೀಕನ ಆಟೋದಲ್ಲೇ. ನನ್ನನ್ನು ದೂರದ ಊರಿಗೆ ವರ್ಗ ಮಾಡುವ ಸುದ್ದಿ ಹಬ್ಬಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರುತ್ತಿರಲಿಲ್ಲ. ಅದನ್ನು ತಪ್ಪಿಸೆಂದು ಕೇಳುವುದಕ್ಕೇ ಹೋದದ್ದು. ಜನಜಂಗುಳಿಯ ನಡುವೆ ಹೇಗೋ ಒಂದು ಕಂಬದ ಪಕ್ಕ ಜಾಗ ಸಿಕ್ಕಿತು. ಮಂಡಿಯೂರಿ, "ಸ್ವಾಮಿ, ಮೇಷ್ಟ್ರು ಹೆಂಗಿದಾರೆ?" ಎಂದು ಶುರುಮಾಡಿದೆ. ಅಲ್ಲಿಂದ ಮಾತು ಎಲ್ಲೆಲ್ಲೋ ಹೋಯಿತು.

ಹೊರಗೆ ಬಂದಾಗ ಹೆಂಡತಿ ಚಪ್ಪಲಿ ಕಾಯುತ್ತ ನಿಂತಿದ್ದಳು. "ವರ್ಗದ ವಿಷ್ಯ ಕೇಳಿದ್ರಾ?"

ನಾನು ಹಣೆಗೆ ಹೊಡೆದುಕೊಂಡೆ. ಆಟೋದೊಳಗಿಂದ ರಫೀಕ್ ನಕ್ಕ ನಗು, ಮೇಷ್ಟ್ರ ಹಿಂದಿನ ದನಿಯಷ್ಟೇ ಜೋರಾಗಿತ್ತು.