ದಾರ ಕಟ್ಟದ ಕಡತ

ಹುಣಸೇಬೀಜ ಹುರಿದ ವಾಸನೆ ಬಂದರೆ ನಾನು ಇವತ್ತಿಗೂ ಆ ಬೀದಿ ಬಿಟ್ಟು ಪಕ್ಕದ ಬೀದಿ ಹಿಡಿಯುತ್ತೇನೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ. ಅವರಿಗೆ ಹುಣಸೇಬೀಜವೆಂದರೆ ಅಳಿಗುಳಿಮಣೆಯ ಆಟ. ನನಗೆ ಅದು ಹೊಸೂರಿನ ಮಗ್ಗುಲ ಮೂಕಂಡಪಲ್ಲಿಯ ನಮ್ಮ ಮನೆಯ ಹಿತ್ತಿಲು, ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಕೊತಕೊತ ಕುದಿಯುವ ಬೀಜದ ಗಂಜಿ, ಅದಕ್ಕೆ ಸುರಿದ ಇದ್ದಿಲ ಪುಡಿ, ಮೊಣಕೈವರೆಗೂ ಕಪ್ಪಾದ ನನ್ನ ಒಂಬತ್ತು ವರ್ಷದ ಕೈ. ಆ ಕೈಯನ್ನು ಎಷ್ಟು ತೊಳೆದರೂ ನನಗೆ ಸಮಾಧಾನವಿಲ್ಲ. ನಿಮ್ಮ ಮನೆಯಲ್ಲೂ ಯಾರೋ ಏನನ್ನೋ ಹೀಗೆ ಕೈಯಾರೆ ಕಳೆದಿರುತ್ತಾರೆ, ನಿಮಗೆ ಅರ್ಥವಾದೀತು ಅಂತ ಹೇಳುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ಆ ಕಾಲಕ್ಕೂ ನಮ್ಮ ಮನೆಯಲ್ಲಿ ಬರೆಯುವುದೆಲ್ಲ ಕಡತದಲ್ಲಿ. ಈಗಿನವರು ಕಂಡಿರಲಾರರು. ಉದ್ದನೆಯ ಬಟ್ಟೆಗೆ ಹುಣಸೇಬೀಜದ ಅಂಟು, ಇದ್ದಿಲು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಒಂದು ಕಡತ. ಬಳಪದಲ್ಲಿ ಬರೆದರೆ ಕಪ್ಪಿನ ಮೇಲೆ ಬೆಳ್ಳಗೆ ಅಕ್ಷರ. ಪ್ರತಿವರ್ಷ ಮಹಾನವಮಿಗೆ ಮುಂಚೆ ಹಳೆಯ ಬರಹದ ಮೇಲೆ ಮತ್ತೆ ಮಸಿ ಬಳಿದು ಹೊಸದು ಮಾಡಬೇಕು. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಅನ್ನುವುದು ಅಜ್ಜಿಯ ಅಧಿಕಾರ. ಅವಳಿಗೆ ಓದು ಬರದು. ಮಗನ ಕೈಲಿ ಓದಿಸಿ ಕೇಳಿ, ಉಳಿಯಬೇಕಾದ ಕಡತಕ್ಕೆ ಅರಿಶಿನದ ದಾರ ಕಟ್ಟುತ್ತಿದ್ದಳು. ದಾರ ಇದ್ದದ್ದನ್ನು ಯಾರೂ ಮುಟ್ಟುವಂತಿಲ್ಲ, ದಾರ ಇಲ್ಲದ್ದಕ್ಕೆ ಮಸಿ. ಹುಟ್ಟಿದಾಗಿನಿಂದ ಕಂಡ ಪದ್ಧತಿ.

ಹಾಗೆ ಓದಿ ಹೇಳುತ್ತಿದ್ದವನು ಅಜ್ಜಿಯ ಕಿರಿಯ ಮಗ, ನನ್ನ ಚಿಕ್ಕಪ್ಪ. ಅವನಿಗೆ ಚರಿತ್ರೆಯ ಹುಚ್ಚು. ಬೆಂಗಳೂರಿಗೆ ಹೋದಾಗಲೆಲ್ಲ ಹೊಸದಾಗಿ ಅಚ್ಚಾದ ಒಂದು ಚರಿತ್ರೆ ಪುಸ್ತಕ ತರುತ್ತಿದ್ದ. ಪಂಡಿತರಿಗಲ್ಲ, ನಮ್ಮಂಥವರಿಗೆಂದೇ ತಿಳಿಯಾಗಿ ಬರೆದ ಪುಸ್ತಕಗಳು. ಇದ್ದಿಲ ಹೊಗೆಯಲ್ಲಿ ಓಡುವ ಯುದ್ಧಕಾಲದ ಬಸ್ಸು ನಮ್ಮೂರಿಗೆ ಮುಂಚಿನ ಜೂಜುವಾಡಿಯಲ್ಲಿ ಕೆಟ್ಟು ನಿಂತರೆ ಅವನಿಗೆ ಖುಷಿ. ಪುಸ್ತಕ ಓದಿಕೊಂಡೇ ಮನೆತನಕ ನಡೆದು ಬರುತ್ತಿದ್ದ. ಸಂಜೆ ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳುತ್ತಿದ್ದ. ಪಕ್ಕದ ಮನೆಯ ಗುರಪ್ಪ ದಿನವೂ ಕೇಳಿ ಕೇಳಿ ಒಮ್ಮೆ ಕೆಣಕಿದ: "ಎಲ್ಲಾರ ಊರೂ ಬತ್ತದೆ. ನಮ್ಮೂರು ಯಾವ ಪುಟದಾಗೈತ್ಲಾ?" ಚಿಕ್ಕಪ್ಪ ಹುಡುಕಿ ಹುಡುಕಿ ಒಂದೇ ಒಂದು ಸಾಲು ತೋರಿಸಿದ: ಸೈನ್ಯವು ಹೊಸೂರಿನ ಮೇಲೆ ಹಾದುಹೋಯಿತು. "ಓಹೋ, ನಾವು ದಾರಿ ಬುಡಪ್ಪ, ತುಳ್ಕಂಡೋಗಕ್ಕೆ!" ಅಂದ ಗುರಪ್ಪ. ಜಗಲಿಗೆ ಜಗಲಿಯೇ ನಕ್ಕಿತು. ಚಿಕ್ಕಪ್ಪ ಒಬ್ಬ ಮಾತ್ರ ನಗಲಿಲ್ಲ.

ಮಾರನೆಯ ದಿನದಿಂದಲೇ ಅವನು ನಮ್ಮ ಸೀಮೆಯ ಚರಿತ್ರೆ ಬರೆಯಲು ಕೂತ. ಅಜ್ಜಿ ರಾಗಿ ಬೀಸುತ್ತಾ ಹೇಳುವಳು, ಅವನು ಬೀಸುವ ಕಲ್ಲಿನ ಪಕ್ಕ ಕೂತು ಬರೆಯುವನು. ಬರಗಾಲದಲ್ಲಿ ಊರು ಯಾವ ಗೆಡ್ಡೆ ತಿಂದು ಬದುಕಿತು, ಆ ಸೈನ್ಯ ಹಾದುಹೋದಾಗ ಜನ ದನಕರು ಹೊಡೆದುಕೊಂಡು ಯಾವ ಗುಡ್ಡದ ಹಿಂದೆ ಅಡಗಿದರು, ಊರಿನ ಕಲ್ಲುಬಾವಿ ತೋಡಿದವರು ಯಾರು. ಬಾವಿ ತೋಡಿದವರು ಏಳು ಗಂಡಸರು, ನಾಲ್ಕು ಹೆಂಗಸರು. ಅವರ ಹೆಸರುಗಳನ್ನು ಅಜ್ಜಿ ತನ್ನ ಅಜ್ಜಿಯಿಂದ ಕಲಿತಿದ್ದಳು, ಒಂದೇ ಉಸಿರಿಗೆ ಹೇಳುತ್ತಿದ್ದಳು. ಯುದ್ಧದಿಂದಾಗಿ ಕಾಗದಕ್ಕೆ ಬರ, ಎಲ್ಲವೂ ಮೂರು ಕಡತಗಳಲ್ಲಿ ತುಂಬಿತು. "ಯುದ್ಧ ಮುಗೀಲಿ, ಕಾಗ್ದ ಬರ್ಲಿ. ಅಚ್ಚಾಕ್ಸಿ ಮೊದುಲ್ನೇದು ಗುರಪ್ಪನ ಕೈಗೇ ಕೊಡ್ತೀನಿ," ಎನ್ನುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು. ಕೆಮ್ಮಿದ ಬಟ್ಟೆಯನ್ನು ನಾವು ನೋಡುವ ಮುಂಚೆ ಮಡಚಿಬಿಡುತ್ತಿದ್ದ. ಆ ವರ್ಷ ಆಷಾಢದಲ್ಲಿ ಅಜ್ಜಿ ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು. ಭಾದ್ರಪದದಲ್ಲಿ ಚಿಕ್ಕಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದರು.

ಮಹಾನವಮಿ ಬಂತು. ಸಾವಾದ ಮನೆ, ಈ ವರ್ಷ ಹಬ್ಬವಿಲ್ಲ ಅಂತ ಅವ್ವ ಹೊಲದ ಕೆಲಸದಲ್ಲಿ ಮುಳುಗಿದ್ದಳು. ನನಗೆ ಮಾತ್ರ ಅಜ್ಜಿಯ ಕೆಲಸ ನಿಲ್ಲಬಾರದು ಅನ್ನಿಸಿತು. ಚಿಕ್ಕಪ್ಪ ಬಂದು ನೋಡಿ ಬೆನ್ನು ತಟ್ಟಲಿ ಅನ್ನುವ ಆಸೆ, ಸುಳ್ಳೇಕೆ ಹೇಳಲಿ. ಅವ್ವ ಹೊಲಕ್ಕೆ ಹೋದ ಮೇಲೆ ಕಡತಗಳಿದ್ದ ಅಟ್ಟ ಹತ್ತಿದೆ. ಎರಡು ಕಡತಕ್ಕೆ ಹಳೆಯ ದಾರವಿತ್ತು; ಕಣ್ಣಿಗೊತ್ತಿಕೊಂಡು ಅಲ್ಲೇ ಇಟ್ಟೆ. ಮೂರಕ್ಕೆ ದಾರವಿರಲಿಲ್ಲ. ಹೋದ ಮಹಾನವಮಿ ಆದಮೇಲೆ ಬರೆದವು, ಕಟ್ಟಬೇಕಾದವಳು ಆಷಾಢದಲ್ಲೇ ಹೋಗಿದ್ದಳು, ಅಷ್ಟು ನನಗೆ ಹೊಳೆಯಲಿಲ್ಲ. ನನಗೆ ಓದು ಬರುತ್ತಿತ್ತು, ಕೇಳಿ. ಓದು ಬರುತ್ತಿತ್ತು! ಒಂದು ಮಡಿಕೆ ಬಿಚ್ಚಿ ಒಂದು ಸಾಲು ಓದಿದ್ದರೆ ಸಾಕಿತ್ತು. ನಾನು ದಾರ ನೋಡಿದೆ, ಅಕ್ಷರ ನೋಡಲಿಲ್ಲ. ಬೀಜ ಹುರಿದು, ಸಿಪ್ಪೆ ಸುಲಿದು, ಅರೆದು, ಕುದಿಸಿ, ಇದ್ದಿಲು ಕಲಸಿ, ಮೂರಕ್ಕೂ ಎರಡೆರಡು ಸಲ ಬಳಿದು ಬಿಸಿಲಿಗೆ ಹರಡಿದೆ.

ದೀಪಾವಳಿ ಕಳೆದು ಚಿಕ್ಕಪ್ಪನನ್ನು ಗಾಡಿಯಲ್ಲಿ ಮನೆಗೆ ಕರೆತಂದರು. ಡಾಕ್ಟರು ಕೈಬಿಟ್ಟಿದ್ದರು. ಬಂದವನೇ ಕಡತ ತಾ ಅಂದ. ಓಡಿಹೋಗಿ ತಂದು ಮಡಿಲಲ್ಲಿಟ್ಟು, ಹೊಗಳಿಕೆಗೆ ಕಾಯುತ್ತಾ ನಿಂತೆ. ಒಂದು ಮಡಿಕೆ ಬಿಚ್ಚಿದ, ಇನ್ನೊಂದು ಬಿಚ್ಚಿದ, ಕೊನೆತನಕ ಬಿಚ್ಚಿದ. ಆಮೇಲೆ ಎರಡನೆಯದು. ಮೂರನೆಯದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ.

"ದಾರ ಇರ್ಲಿಲ್ವೇನವ್ವಾ?"

"ಇರ್ಲಿಲ್ಲ ಚಿಕ್ಕಪ್ಪಾ."

"ಊಂ. ಕಟ್ಟೋಳೇ ಹೋದ್ಲಲ್ಲ." ನನ್ನ ಮುಖ ನೋಡಿ, "ಚೆನ್ನಾಗಿ ಬಳ್ದಿದ್ದೀಯ ಕಣವ್ವ," ಅಂದ.

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ಏಟು ಹಾಕಿದ್ದರೂ ಸಾಕಿತ್ತು. ಅವನು ಬಳಪ ಹಿಡಿದು ಮತ್ತೆ ಶುರು ಮಾಡಿದ. ಬಾವಿಯ ಜನರಲ್ಲಿ ನಾಲ್ಕು ಹೆಸರು ಬರೆದ; ಐದನೆಯದು ನೆನಪಾಗಲಿಲ್ಲ, ನಾಲ್ಕನೆಯದೂ ಅನುಮಾನ. ಗುರಪ್ಪನನ್ನು ಕರೆಸಿ ಕೇಳಿದ. "ನೀರ್ ಕುಡ್ದಿದ್ದು ಗೊತ್ತು ಕಣಪ್ಪ. ತೋಡ್ದೋರು ನಿಮ್ಮವ್ವಂಗೇ ಗೊತ್ತು," ಅಂದು ತಲೆ ತಗ್ಗಿಸಿದ. "ತಪ್ ಬರ್ಯೋದ್ಕಿಂತ ಬರೀದೇ ಇರೋದೇ ವಾಸಿ," ಅಂತ ಚಿಕ್ಕಪ್ಪ ಅಂಗೈಯಿಂದ ಆ ನಾಲ್ಕು ಹೆಸರನ್ನೂ ಒರೆಸಿಬಿಟ್ಟ. ಸಂಕ್ರಾಂತಿಗೆ ಅವನಿರಲಿಲ್ಲ.

ಮನೆ ಈಗಿಲ್ಲ. ಕಲ್ಲುಬಾವಿ ಯಾವುದೋ ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿ ಮುಚ್ಚಿಹೋಯಿತು. ಹೊಸ ಚರಿತ್ರೆ ಪುಸ್ತಕ ಬಂತೆಂದು ಕೇಳಿದರೆ ನಾನು ಈ ವಯಸ್ಸಿನಲ್ಲೂ ಅಂಗಡಿಗೆ ಹೋಗಿ ಕೊಳ್ಳುತ್ತೇನೆ. ಎಷ್ಟು ಚೆಂದದ ರಟ್ಟು, ಎಷ್ಟು ಚಿತ್ರಗಳು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಹುಡುಕುತ್ತೇನೆ. ಸಿಕ್ಕರೆ ಅದೇ ಸೈನ್ಯ, ಅದೇ ದಾರಿ. ಬಾವಿ ತೋಡಿದವರು ಹನ್ನೊಂದು ಜನ ಅಂತ ಮಾತ್ರ ನನಗೆ ಗೊತ್ತು, ಒಬ್ಬರ ಹೆಸರೂ ಬರುವುದಿಲ್ಲ. ಪುಸ್ತಕ ಬರೆದವರನ್ನು ಯಾವ ಮುಖ ಹೊತ್ತು ಬೈಯಲಿ?

ಯುದ್ಧ ಮುಗಿದ ಮೇಲೆ ಕಾಗದವೂ ಬಂತು. ಚಿಕ್ಕಪ್ಪ ಎಂದೋ ಹೇಳಿಟ್ಟಿದ್ದ ಬೆಂಗಳೂರಿನ ಅಂಗಡಿಯವರು ಮಾತು ಮರೆಯದೆ ಒಂದು ಕಟ್ಟು ಕಳಿಸಿದ್ದರು. ಬೆಳ್ಳಗಿನ, ಗರಿಗರಿ ಕಾಗದ. ಅವ್ವ ಅದನ್ನು ನೋಡಿ ಅತ್ತು, ಅತ್ತು ಮುಗಿದ ಮೇಲೆ ಮಡಚಿ ಹೊಲಿದು ನನಗೆ ಶಾಲೆಯ ಪುಸ್ತಕ ಮಾಡಿಕೊಟ್ಟಳು. ಚರಿತ್ರೆಯ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದನ್ನು ಅದರ ಮೊದಲನೆಯ ಹಾಳೆಯಲ್ಲಿ ನಾನೇ ದುಂಡಗೆ ಬರೆದೆ: ಸೈನ್ಯವು ಹೊಸೂರಿನ ಮೇಲೆ ಹಾದುಹೋಯಿತು. ಮೇಷ್ಟ್ರು ನೋಡಿ, ಪಕ್ಕದಲ್ಲಿ ಕೆಂಪು ಸೀಸದಕಡ್ಡಿಯಿಂದ ಸರಿ ಅಂತ ಗುರುತು ಹಾಕಿದರು.