ಅಕ್ಕನ ಹರಕೆಗೆ ನನ್ನ ಕಾಲು

ಹರಕೆ ಅಕ್ಕನದು, ನಡೆದವಳು ನಾನು. ಕೇಳಿದವರಿಗೆ ಇದು ವಿಚಿತ್ರ ಅನಿಸಬಹುದು, ನಮ್ಮ ಮನೆಯಲ್ಲಿ ಅಲ್ಲ. ನಾವು ಮಂಗಳೂರಿನ ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಹರಕೆ ಹೊತ್ತವರಿಗೆ ನಡೆಯಲಾಗದಿದ್ದರೆ ಒಡಹುಟ್ಟಿದವರು ಅವರ ಪರವಾಗಿ ಇಗರ್ಜಿಗೆ ನಡೆಯಬಹುದು ಎಂಬುದು ಅಜ್ಜಿಯ ಕಾಲದಿಂದಲೂ ಇದ್ದ ಪದ್ಧತಿ. ಅದಕ್ಕೊಂದು ಕಟ್ಟುಪಾಡಿತ್ತು. ಹರಕೆ ಯಾತಕ್ಕೆಂದು ನಡೆಯುವವರು ಕೇಳಬಾರದು, ಹೊತ್ತವರು ಕೊನೆಯ ದಿನದವರೆಗೆ ಹೇಳಬಾರದು. ಕೊನೆಯ ಇಗರ್ಜಿಯ ಬಾಗಿಲಲ್ಲಿ ಅವರು ಹೇಳಿಕೊಟ್ಟ ಮಾತನ್ನು ನಡೆದವರು ಪೀಠದ ಮುಂದೆ ತಮ್ಮ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಎಷ್ಟು ನಡೆದರೂ ಹರಕೆ ಸಲ್ಲುವುದಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಸಾಂಟಾ ಕ್ಲಾರಾದಲ್ಲಿ ಅಕ್ಕ-ಭಾವನ ಅಪಾರ್ಟ್‌ಮೆಂಟಿನಲ್ಲಿದ್ದೆ. ಕಂಪ್ಯೂಟರ್ ಚಿಪ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ಕೆಲಸವಿತ್ತು. ಆ ವರ್ಷ ಎಲ್ಲ ಕಡೆ ಲೇ-ಆಫ್, ನನ್ನದೂ ಹೋಯಿತು. ಅದಕ್ಕೂ ಮುಂಚೆ ಇನ್ನೊಂದು ಕೈತಪ್ಪಿತ್ತು. ಅದೇ ಫ್ಯಾಕ್ಟರಿಯಲ್ಲಿ ಮೈಸೂರಿನ ಒಬ್ಬ ಎಂಜಿನಿಯರ್ ಇದ್ದ. ಚಿತ್ರಾನ್ನದ ಡಬ್ಬಿಯನ್ನು ನನ್ನ ಮುಂದೆ ತಳ್ಳಿ, ನನ್ನ ಮೀನಿನ ಡಬ್ಬಿ ಕಂಡರೆ ಮಾತ್ರ ಮೂಗು ಮುಚ್ಚಿಕೊಂಡು ನಗುತ್ತಿದ್ದ. ಮದುವೆಯಾಗುವುದೆಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಅವನ ತಾಯಿಗೆ ಮೊದಮೊದಲು ಸಿಟ್ಟು, ಆಮೇಲೆ ಮೌನ, ಆಮೇಲೆ "ಹುಡುಗಿ ಫೋಟೋ ಕಳಿಸು" ಎನ್ನುವವರೆಗೂ ಬಂದಿತ್ತು. ಹಾಗಿರುವಾಗ ಇದ್ದಕ್ಕಿದ್ದಂತೆ ಅವನು ನನ್ನ ಟೇಬಲ್ಲಿನ ಕಡೆ ಬರುವುದನ್ನೇ ಬಿಟ್ಟ. ಟೆಕ್ಸಾಸಿನಲ್ಲಿ ಬೇರೆ ಕೆಲಸ ಹಿಡಿದ. ಹೊರಡುವ ಹಿಂದಿನ ದಿನ ಪಾರ್ಕಿಂಗ್ ಲಾಟಿನಲ್ಲಿ ಅಡ್ಡಹಾಕಿ ಏನಾಯಿತೆಂದು ಕೇಳಿದರೆ, "ಏನೂ ಇಲ್ಲ, ನಿಮಗೆ ಒಳ್ಳೇದಾಗ್ಲಿ" ಅಂದ. ಅಷ್ಟು ದಿನ ನೀನು ನೀನು ಅನ್ನುತ್ತಿದ್ದವನು!

ಹೇಡಿ ಅಂದುಕೊಂಡೆ. ಅಮ್ಮನ ಮಾತು ಕೇಳಿ ಕೈಬಿಟ್ಟ ಅಂದುಕೊಂಡೆ. ಆ ಚಳಿಗಾಲವಿಡೀ ಅವನಿಗೆ ನಾನು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ. ಅಕ್ಕ ನನ್ನ ತಲೆಗೆ ತೆಂಗಿನೆಣ್ಣೆ ತಟ್ಟುತ್ತಾ, "ಬಿಡು ಮಾರಾಯ್ತಿ, ಅವ್ರೆಲ್ಲ ಹಾಗೇ. ಅಮ್ಮನ ಸೆರಗು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ ಅವ್ರಿಗೆ" ಎನ್ನುತ್ತಿದ್ದಳು. ನಮ್ಮಮ್ಮ ತೀರಿಕೊಂಡ ಮೇಲೆ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳೇ. ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದೇನೆ. ಈಗ ನೆನೆದರೆ ಮೈ ಉರಿಯುತ್ತದೆ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾದಾಗ ಅಕ್ಕ ಹರಕೆಯ ವಿಷಯ ತೆಗೆದಳು. ಕ್ಯಾಲಿಫೋರ್ನಿಯಾದಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿಸಿದ ಹಳೆಯ ಮಿಷನ್ ಇಗರ್ಜಿಗಳಿವೆ, ಎಲ್ಲವೂ ಎಲ್ ಕಮಿನೊ ಎಂಬ ಒಂದೇ ಹಳೆಯ ದಾರಿಗೆ ಹೊಂದಿಕೊಂಡಂತೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗುವ ಭಕ್ತರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್‌ನಿಂದ ಹೊರಟು, ಸಾಂಟಾ ಕ್ಲಾರಾ ದಾಟಿ, ದಕ್ಷಿಣದ ಸ್ಯಾನ್ ವಾನ್ ಬೌಟಿಸ್ಟಾದವರೆಗೆ ನಡೆಯುತ್ತೇನೆಂದು ಅಕ್ಕ ಹೇಳಿಕೊಂಡಿದ್ದಳಂತೆ.

"ಹರಕೆ ಕೈಗೂಡಿತು. ಆದ್ರೆ ನಂಗೆ ಈಗ ನಡೀಲಿಕ್ಕೆ ಆಗುದಿಲ್ಲ. ಯಾಕೆ ಅಂತ ಕೇಳ್ಬೇಡ. ನೀನು ನಡೀತೀಯಾ?"

ಕೈಗೂಡಿತು, ನಡೆಯಲಾಗುವುದಿಲ್ಲ, ಕೇಳಬೇಡ. ನರ್ಸ್ ಕೆಲಸಕ್ಕೆ ರಜೆ ಹಾಕಿದ್ದಳು. ಭಾರ ಎತ್ತುತ್ತಿರಲಿಲ್ಲ. ಭಾವ ಲಾಂಡ್ರಿ ಬುಟ್ಟಿಯನ್ನು ಅವಳ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಮದುವೆಯಾಗಿ ವರ್ಷಗಳಾಗಿದ್ದವು, ಎರಡು ಸಲ ಬಸಿರು ನಿಂತದ್ದು ಉಳಿದಿರಲಿಲ್ಲ. ನನಗೆ ಇನ್ನೇನು ಬೇಕು? ಅವಳನ್ನು ತಬ್ಬಿಕೊಂಡು, "ಗೊತ್ತಾಯ್ತು ಬಿಡು, ಮಗುವಿಗಾಗಿ ಅಲ್ವಾ? ಕೇಳುದಿಲ್ಲ ನಾನು" ಅಂದೆ. ಅಕ್ಕ ಇಲ್ಲ ಅನ್ನಲಿಲ್ಲ. ಸುಮ್ಮನೆ ನಕ್ಕು ನನ್ನ ಕೆನ್ನೆ ಸವರಿದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವಳು ನಾನು. ಇಲ್ಲಿ ಎತ್ತು ಈದಿದೆ ಎಂದು ಯಾರೂ ಹೇಳಿಯೂ ಇರಲಿಲ್ಲ.

ಏರ್ಪಾಡು ಹೀಗಿತ್ತು. ಬೆಳಿಗ್ಗೆ ಅಕ್ಕ ಕಾರಿನಲ್ಲಿ ಕರೆದೊಯ್ದು ಬಿಡುವುದು, ನಾನು ದಿನವಿಡೀ ನಡೆಯುವುದು, ಸಂಜೆ ಪೇ ಫೋನಿನಿಂದ ಕರೆದರೆ ಬಂದು ಹತ್ತಿಸಿಕೊಳ್ಳುವುದು, ಮರುದಿನ ಅದೇ ಜಾಗದಲ್ಲಿ ಇಳಿಸುವುದು. ಮೊದಲ ದಿನ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್‌ನಲ್ಲಿ ಮೊಂಬತ್ತಿ ಹಚ್ಚಿ ಹೊರಟವಳು ಏರಿಳಿತದ ಬೀದಿಗಳಲ್ಲಿ ಏದುಸಿರು ಬಿಟ್ಟು, ಕೋಲ್ಮಾದ ಗೋರಿಗಳ ಸಾಲಿನ ಹತ್ತಿರ ಕುಸಿದು ಕೂತೆ. ಮಂಜು ಎಂದರೆ ಮಂಜು. ಊರಿಗೆ ಊರೇ ಸ್ಮಶಾನ, ಹೂವಿನ ಅಂಗಡಿ ಬಿಟ್ಟರೆ ಬೇರೇನೂ ಇಲ್ಲ. ಬದುಕಿದವಳು ನಾನೊಬ್ಬಳೇ ಎನಿಸಿ ಹೆದರಿಕೆಯಾಗಿ, ಅಕ್ಕನ ಹೊಟ್ಟೆಯಲ್ಲಿರುವ ಆ ಮಗುವಿನ ಜೊತೆ ಮಾತಾಡಲು ಶುರುಮಾಡಿದೆ. "ನೋಡು ಮಗೂ, ನಿನ್ನ ಚಿಕ್ಕಮ್ಮನ ಅವಸ್ಥೆ ನೋಡು." ಆಮೇಲೆ ಅದೇ ಅಭ್ಯಾಸವಾಯಿತು. ಜಪಸರದ ಒಂದೊಂದು ಮಣಿಗೂ "ಅಕ್ಕನ ಮಗು ಚೆನ್ನಾಗಿರಲಿ" ಎನ್ನುತ್ತಾ ಹೆಜ್ಜೆ ಹಾಕುತ್ತಿದ್ದೆ.

ಎಲ್ ಕಮಿನೊ ಎಂದರೆ ಸಂತರ ದಾರಿ ಎಂದು ಯಾರಾದರೂ ಅಂದುಕೊಂಡಿದ್ದರೆ ಬಂದು ನೋಡಬೇಕು. ಕಾರು ಮಾರುವವರು, ಮೋಟೆಲು, ಡೋನಟ್ ಅಂಗಡಿ, ಮತ್ತೆ ಕಾರು ಮಾರುವವರು. ಅಲ್ಲೊಂದು ಇಲ್ಲೊಂದು ಕಡೆ ಬಾಗಿದ ಕಂಬಕ್ಕೆ ತೂಗಿಬಿಟ್ಟ ಹಳೆಯ ಗಂಟೆ ಕಂಡರೆ ದಾರಿ ಸರಿಯಿದೆ ಎಂದರ್ಥ. ಬರ್ಲಿಂಗೇಮಿನಲ್ಲಿ ನೀಲಗಿರಿ ಮರಗಳ ನೆರಳು ಸಿಕ್ಕಿದಾಗ ಊರು ನೆನಪಾಯಿತು. ರೆಡ್‌ವುಡ್ ಸಿಟಿಯಲ್ಲಿ ಹಿಮ್ಮಡಿಯ ಗುಳ್ಳೆ ಒಡೆಯಿತು. ಆ ನಾಡಿನಲ್ಲಿ ನಡೆಯುವವರನ್ನು ಕಂಡರೆ ಜನಕ್ಕೆ ಕನಿಕರ. ಕಾರು ನಿಲ್ಲಿಸಿ "ಗಾಡಿ ಕೆಟ್ಟಿತಾ?" ಎಂದು ಕೇಳುತ್ತಿದ್ದರು.

ಒಂದು ಸಂಜೆ ಜೋರು ಮಳೆ. ರೈಲುದಾರಿಯ ಕೆಳಗಿನ ಅಂಡರ್‌ಪಾಸಿನ ಈಚೆಗೆ ಅಕ್ಕ ನನ್ನನ್ನು ಹತ್ತಿಸಿಕೊಂಡಳು. ಮರುದಿನ ಅಲ್ಲಿ ಕೊಚ್ಚೆ ನೀರು ನಿಂತಿತ್ತು.

"ಆಚೆ ಇಳಿಸು ಅಕ್ಕ, ಎಷ್ಟಿದೆ ಮಹಾ? ನಾಲ್ಕು ಹೆಜ್ಜೆ."

"ಛೆ! ಏನು ಮಾತು ಅಂತ ಆಡ್ತೀ? ನಿನ್ನೆ ಎಲ್ಲಿ ನಿಂತಿದ್ಯೋ ಅಲ್ಲಿಂದ್ಲೇ. ದೇವರಿಗೆ ಮೋಸ ಮಾಡ್ಲಿಕ್ಕೆ ಉಂಟಾ?"

ಬೇರೆ ರಸ್ತೆಯಿಂದ ಕಾರನ್ನು ಸುತ್ತಿಸಿ ತಂದು, ಹಿಂದಿನ ದಿನ ನನ್ನನ್ನು ಹತ್ತಿಸಿಕೊಂಡಿದ್ದ ಲಾಂಡ್ರಿ ಅಂಗಡಿಯ ಮುಂದೆಯೇ ಇಳಿಸಿದಳು. ಮೊಣಕಾಲುದ್ದದ ನೀರಿನಲ್ಲಿ ಬೂಟು ಕೈಯಲ್ಲಿ ಹಿಡಿದು ದಾಟಿದೆ. ಆ ಹೊತ್ತಿನಲ್ಲಿ ನನಗೆ ಅವಳ ಮೇಲೆ ಗೌರವವೇ ಬಂತು. ಎಂಥ ನಿಯತ್ತು ನನ್ನ ಅಕ್ಕನದು ಅಂದುಕೊಂಡೆ.

ಸನಿವೇಲಿನಲ್ಲಿ ಅವನಿದ್ದ ಅಪಾರ್ಟ್‌ಮೆಂಟ್ ದಾರಿಯ ಮೇಲೇ ಸಿಕ್ಕಿತು. ಮುಖ ತಿರುಗಿಸಿ ಹೋಗಬೇಕೆಂದಿದ್ದೆ, ಕಾಲು ನಿಂತಿತು. ಅವನ ಬಾಲ್ಕನಿಯಲ್ಲಿ ಬೇರೆ ಯಾರದೋ ಸೈಕಲ್. "ನೀನು ಎಲ್ಲಿದ್ದರೂ ಉದ್ಧಾರ ಆಗ್ಬೇಡ" ಎಂದು ಬಾಯಿಬಿಟ್ಟೇ ಬೈದೆ, ಆಮೇಲೆ ಹರಕೆಯ ದಾರಿಯಲ್ಲಿ ಶಾಪ ಹಾಕಬಾರದೆಂದು ನೆನಪಾಗಿ ಕೆನ್ನೆ ಕೆನ್ನೆ ಬಡಿದುಕೊಂಡೆ.

ಸಾಂಟಾ ಕ್ಲಾರಾದ ಮಿಷನ್ ನಮ್ಮ ಮನೆಗೆ ಹತ್ತಿರವೇ. ಅಂದು ಮನೆಗೆ ಬಂದು ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಗ ಭಾವ ನನ್ನ ಪಾದಗಳನ್ನೇ ನೋಡುತ್ತಾ ನಿಂತರು. ಮಾತು ಕಡಿಮೆಯ ಮನುಷ್ಯ.

"ಇಷ್ಟಕ್ಕೇ ನಿಲ್ಲಿಸಿದ್ರೆ ಆಗುದಿಲ್ವಾ? ಸಾಕು ಮಾರಾಯ್ತಿ. ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ" ಅಂದರು.

ಅಕ್ಕ ಅಡುಗೆಮನೆಯಿಂದ ಅವರನ್ನು ನೋಡಿದ ನೋಟ ಹೇಗಿತ್ತೆಂದರೆ, ಅವರು ಪೇಪರು ತೆಗೆದುಕೊಂಡು ಒಳಗೆ ಹೋಗಿಬಿಟ್ಟರು. ತಮಾಷೆ ಮಾಡಿದರು ಎಂದು ನಾನು ನಕ್ಕೆ.

ಸ್ಯಾನ್ ಹೋಸೆ ದಾಟಿದ ಮೇಲೆ ದಾರಿ ತೆರೆದುಕೊಂಡಿತು. ಮಾಂಟೆರೆ ರೋಡಿನ ಎರಡೂ ಕಡೆ ಹಣ್ಣಿನ ತೋಟಗಳು ಹೂಬಿಟ್ಟಿದ್ದವು, ಗುಡ್ಡಗಳು ಹಸಿರು. ಮಾರ್ಗನ್ ಹಿಲ್‌ನ ಹತ್ತಿರ ಹಣ್ಣಿನಂಗಡಿಯ ಮುದುಕಿಯೊಬ್ಬಳು ಯಾರಿಗಾಗಿ ನಡೆಯುತ್ತಿದ್ದೀಯೆಂದು ಕೇಳಿ, ಅಕ್ಕನ ಮಗುವಿಗೆ ಎಂದದ್ದೇ ಒಣ ಏಪ್ರಿಕಾಟಿನ ಪೊಟ್ಟಣ ಕೈಗಿಟ್ಟಳು, ಬಸುರಿಗೆ ಕೊಡು ಅಂದಳು. ಸಂಜೆ ಅಕ್ಕನಿಗೆ ಕೊಟ್ಟೆ. ಅವಳು ತೆಗೆದುಕೊಂಡಳು, ತಿಂದಳು ಕೂಡ. ಎಲ್ಲವನ್ನೂ ಕ್ಷಮಿಸಬಲ್ಲೆನೇನೋ, ಆ ಏಪ್ರಿಕಾಟ್ ತಿಂದದ್ದನ್ನು ಮಾತ್ರ ಆಗುವುದಿಲ್ಲ.

ಗಿಲ್ರಾಯ್‌ನ ಬೆಳ್ಳುಳ್ಳಿ ವಾಸನೆ ದಾಟಿ, ಗುಡ್ಡದ ಸಣ್ಣ ರಸ್ತೆ ಹತ್ತಿಳಿದು ಸ್ಯಾನ್ ವಾನ್ ಬೌಟಿಸ್ಟಾ ತಲುಪಿದಾಗ ಮಧ್ಯಾಹ್ನ. ಅಕ್ಕ-ಭಾವ ಮೊದಲೇ ಬಂದು ಕಾಯುತ್ತಿದ್ದರು. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದಳು. ಕಮಾನುಗಳ ಜಗಲಿಯಲ್ಲಿ ನನ್ನ ಬೆವರು ಒರೆಸಿ, ಕೂದಲು ಸರಿಮಾಡಿ, ಕಿವಿಯ ಹತ್ತಿರ ಬಾಗಿದಳು.

"ಒಳಗೆ ಹೋಗಿ ಹೀಗೆ ಹೇಳು. ನನ್ನ ತಂಗಿಯನ್ನು ಆ ಸಂಬಂಧದಿಂದ ಬಿಡಿಸಿ ಕೊಟ್ಟದ್ದಕ್ಕೆ ಸ್ತೋತ್ರ. ಅಷ್ಟೇ."

"ಯಾವ ತಂಗಿಯನ್ನು?" ಎಂದು ಕೇಳಿದೆ. ಅವಳಿಗಿರುವ ತಂಗಿ ನಾನೊಬ್ಬಳೇ.

ಭಾವ ಕಾರಿನ ಗಾಜು ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು.

"ಮತ್ತೆ ಮಗು?"

"ಮಗು ಅಂತ ನಾನು ಹೇಳಿದ್ದುಂಟಾ? ಬೆನ್ನಿನ ಡಿಸ್ಕ್ ಜಾರಿದ್ದು ನಂದು. ಪೇಶೆಂಟುಗಳನ್ನು ಎತ್ತಿ ಎತ್ತಿ."

"ಅವನಿಗೆ ಎಂತ ಹೇಳಿದ್ದು ನೀನು?"

"ಮೆಲ್ಲ ಮಾತಾಡು, ಇಗರ್ಜಿ ಇದು. ಒಂದು ಫೋನು ಮಾಡಿದೆ. ಊರಲ್ಲಿ ನಿಂಗೆ ಗಂಡು ನಿಶ್ಚಯ ಆಗಿದೆ, ನೀನೂ ಒಪ್ಪಿದ್ದೀ, ಹೇಳ್ಲಿಕ್ಕೆ ಸಂಕೋಚ ಪಡ್ತಿದ್ದೀ ಅಂತ. ಹರಕೆ ಹೊತ್ತ ಮೇಲೆ ನಾವೂ ಸ್ವಲ್ಪ ಕೈ ಹಾಕ್ಬೇಕಲ್ಲ? ಒಳ್ಳೆ ಹುಡುಗ ಅವ್ನು. ಒಂದು ಮಾತು ಎದುರಾಡ್ಲಿಲ್ಲ."

"ನಿಮಗೆ ಒಳ್ಳೇದಾಗ್ಲಿ" ಎಂದು ಅವನು ಹೇಳಿದ್ದು ನನ್ನ ಮದುವೆಗೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರ ಬಗ್ಗೆ ಕೇಳಿದ್ದೆ. ತೂಗಿದ ಕೈಯ ಎಣ್ಣೆ ಇನ್ನೂ ನನ್ನ ತಲೆಯಲ್ಲಿತ್ತು. ಇವಳಿಗೆ ಈ ಸತ್ಯವನ್ನು ಹೇಳುವ ದರ್ದು ಏನಿತ್ತು? ಬಚ್ಚಿಟ್ಟುಕೊಂಡೇ ಸಾಯಬಹುದಿತ್ತು. ಆದರೆ ನನ್ನ ಬಾಯಿಂದ ಹೇಳಿಸದಿದ್ದರೆ ಹರಕೆ ಸಲ್ಲುವುದಿಲ್ಲ. ನನ್ನ ಕುತ್ತಿಗೆ ಕೊಯ್ಯಲು ಅವಳಿಗೆ ಕೈ ನಡುಗಲಿಲ್ಲ, ದೇವರ ಲೆಕ್ಕದಲ್ಲಿ ನಾಲ್ಕು ಹೆಜ್ಜೆ ತಪ್ಪಿಸಲು ನಡುಗಿತ್ತು.

"ಹೋಗು," ಅಕ್ಕ ನನ್ನ ಬೆನ್ನು ಮೆಲ್ಲಗೆ ತಳ್ಳಿದಳು. "ನಿನ್ನ ಒಳ್ಳೇದಕ್ಕೇ ಮಾಡಿದ್ದು. ಹೇಳಿ ಬಾ, ಮತ್ತೆ ಬೇಕಾದ್ರೆ ನಂಗೆ ಬೈ."

ಒಳಗೆ ಹೋದೆ. ಆ ಇಗರ್ಜಿಯ ನೆಲದ ಕೆಂಪು ಹೆಂಚುಗಳ ಮೇಲೆ ಪ್ರಾಣಿಗಳ ಹೆಜ್ಜೆ ಗುರುತುಗಳಿವೆ. ಹೆಂಚು ಹಸಿಯಿದ್ದಾಗ ಒಣಗಲು ಬಯಲಲ್ಲಿ ಹರಡಿದ್ದರಂತೆ, ಯಾವುದೋ ಪ್ರಾಣಿ ಅದರ ಮೇಲೆ ನಡೆದು ಹೋಯಿತಂತೆ. ಪೀಠದ ಮುಂದೆ ಮೊಣಕಾಲೂರಿದಾಗ ಅಭ್ಯಾಸಬಲದಿಂದ ಬಾಯಿ "ಅಕ್ಕನ ಮಗು" ಎಂದು ಶುರುಮಾಡಿತು. ನಾಲಿಗೆ ಕಚ್ಚಿಕೊಂಡೆ. ಎಷ್ಟು ಹೊತ್ತು ಕೂತಿದ್ದೆನೋ, ಆ ಹೆಜ್ಜೆ ಗುರುತನ್ನು ಬೆರಳಲ್ಲಿ ಸವರುತ್ತಾ, ಒಂದಕ್ಷರವನ್ನೂ ಹೇಳಲಿಲ್ಲ, ಏನನ್ನೂ ಬೇಡಿಕೊಳ್ಳಲೂ ಇಲ್ಲ.

ಹೊರಗೆ ಬಂದಾಗ ಅಕ್ಕನ ಮುಖ ಬಿಳುಚಿತ್ತು. "ಹೇಳಿದಿಯಾ?"

"ನೀನು ಹೇಳಿಕೊಟ್ಟದ್ದನ್ನು ಹೇಳಲಿಲ್ಲ."

"ಅಯ್ಯೋ ದೇವರೇ! ಮತ್ತೆ ಇಷ್ಟು ಹೊತ್ತು ಎಂತ ಹೇಳಿದೆ?"

"ಅದು ನನ್ನ ಹರಕೆ," ಅಂದೆ. "ಕೈಗೂಡುವವರೆಗೆ ಹೇಳಬಾರದು."

ಆ ವಾರವೇ ಫ್ರೀಮಾಂಟಿಗೆ ರೂಮು ಬದಲಾಯಿಸಿದೆ. ಫ್ಯಾಕ್ಟರಿಯ ಗೆಳತಿಯೊಬ್ಬಳಿಂದ ನಂಬರು ಸಿಕ್ಕಿ, ಧೈರ್ಯ ಮಾಡಿ ಟೆಕ್ಸಾಸಿಗೆ ಫೋನು ಮಾಡಿದೆ. ಅವನೇ ಎತ್ತಿದ. ಹಿಂದಿನಿಂದ ಒಗ್ಗರಣೆಯ ಚಟಪಟ, ಬಳೆಯ ಸದ್ದು, "ಯಾರ್ರೀ ಅದು?" ಎಂಬ ಹೆಣ್ಣು ದನಿ. ಮೈಸೂರಿಗೆ ಹೋಗಿ ಮದುವೆ ಮಾಡಿಕೊಂಡು ಬಂದಿದ್ದ. "ಹೇಗಿದ್ದೀರಿ? ನಿಮ್ಮ ಮನೆಯವರು ಹೇಗಿದ್ದಾರೆ?" ಎಂದು ಕೇಳಿದ. ಚೆನ್ನಾಗಿದ್ದಾರೆ ಅಂದೆ. ನನಗೆ ಆಗ ಮನೆಯವರು ಎಂದು ಯಾರೂ ಇರಲಿಲ್ಲ.

ಅಕ್ಕನಿಗೆ ಮಕ್ಕಳಾಗಲಿಲ್ಲ. ಅವಳು ಅದನ್ನು ಬೆನ್ನಿಗಾಗಲಿ ವಯಸ್ಸಿಗಾಗಲಿ ಹಚ್ಚುವುದಿಲ್ಲ, ಅಂದು ನಾನು ಬೇಡಿಕೊಂಡದ್ದಕ್ಕೆ ಹಚ್ಚುತ್ತಾಳೆ ಎಂದು ಭಾವ ಒಮ್ಮೆ ಹೇಳಿದರು. ಈಗಲೂ ಈಸ್ಟರ್ ಹತ್ತಿರ ಬಂದಾಗ ಫೋನು ಮಾಡುತ್ತಾಳೆ. ಸಕ್ಕರೆ ಕಾಯಿಲೆ, ಮೊಣಕಾಲು, ಹವೆ, ಎಲ್ಲ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳುತ್ತಾಳೆ: "ಅವತ್ತು ಒಳಗೆ ಎಂತ ಕೇಳಿಕೊಂಡದ್ದು ನೀನು? ಈಗಾದ್ರೂ ಹೇಳು ಮಾರಾಯ್ತಿ."

ಏನೂ ಕೇಳಿಕೊಂಡಿರಲಿಲ್ಲ ಎಂದು ಹೇಳಿದರೆ ಮುಗಿಯುತ್ತದೆ. ಒಂದು ಫೋನಿನ ಮಾತು. ಆ ಚಳಿಗಾಲದಲ್ಲಿ ನಾನು ಅವಳ ಮಡಿಲಲ್ಲಿ ಅಳುತ್ತಿದ್ದಾಗ ಅವಳ ಕೈಗೂ ಫೋನು ಎಟುಕುತ್ತಿತ್ತು. ಅವನಿಗೆ ನಿಜ ಹೇಳಲು ಅವಳು ಎತ್ತಲಿಲ್ಲ. ನಾನೂ ಹೇಳುವುದಿಲ್ಲ.