ಮಜ್ಜೆ ಹೋಗಿ ಮಜ್ಜಿಗೆ ಬಂತು

ಮಗಳ ರಿಪೋರ್ಟು ಸ್ವಚ್ಛ ಬಂದಿತ್ತು. ರಕ್ತದ ಕ್ಯಾನ್ಸರ್ ಈಗ ಕಾಣುತ್ತಿಲ್ಲ ಎಂದು ಡಾಕ್ಟರರೇ ಹೇಳಿದ್ದರು. ಖಡಕಿಯ ನಮ್ಮ ಓಣಿಗೆಲ್ಲ ನಾನು ಪೇಢೆ ಹಂಚಿದ್ದೆ. ವಾರ ಕಳೆಯಲಿಲ್ಲ, ಅದೇ ಡಾಕ್ಟರರು ನಮ್ಮನ್ನು ಕೂರಿಸಿಕೊಂಡು ಬೇರೆಯೇ ಮಾತು ತೆಗೆದರು. ಹಿಂದಿನದಕ್ಕಿಂತ ಜೋರಾದ ಕೀಮೋ ಕೊಟ್ಟು, ಎಲುಬಿನೊಳಗೆ ರಕ್ತ ಹುಟ್ಟಿಸುವ ಮಜ್ಜೆಯನ್ನೇ ಖಾಲಿ ಮಾಡುತ್ತಾರಂತೆ. ಆಮೇಲೆ ಅವಳ ತಮ್ಮನ ಸ್ಟೆಮ್ ಸೆಲ್ ಏರಿಸುತ್ತಾರಂತೆ. ಆ ಖಾಲಿ ಮಾಡುವುದಕ್ಕೆ ಕಂಡೀಷನಿಂಗ್ ಎಂದು ಹೆಸರು. ನನಗೆ ಗೊತ್ತಿದ್ದ ಕಂಡೀಷನರ್ ಕೂದಲಿಗೆ ಹಚ್ಚುವಂಥದ್ದು. ಮಗಳ ತಲೆಯಲ್ಲಿ ಆಗ ಕೂದಲೇ ಇರಲಿಲ್ಲ.

"ಆರಾಮಾದಾಕಿಗೆ ಮತ್ಯಾಕ ವಿಷಾ ಏರಸ್ತಾರ?" ಎಂದೆ.

"ಒಳಗ ಎಲ್ಲ್ಯಾರ ರೋಗ ಅಡಗಿ ಕೂತಿರಬಹುದಂತವ್ವಾ. ನೀ ಹೂಂ ಅಂದ್ರ ಸಹಿ ಮಾಡ್ತೀನಿ," ಎಂದಳು ಮಗಳು.

"ನಾಳಿ ಹೇಳ್ತೀನಿ," ಎಂದೆ. ಮನೆಗೆ ಬಂದು ಫೋನ್ ಹಿಡಿದೆ. ಅದರಲ್ಲಿ ಕನ್ನಡ ಬರೆಯುವುದನ್ನು ಮೊಮ್ಮಗಳು ನಾಲ್ಕು ದಿನದ ಹಿಂದಷ್ಟೇ ಕಲಿಸಿದ್ದಳು. 'ಮಜ್ಜ' ಎನ್ನುವಷ್ಟರಲ್ಲಿ ಉಳಿದದ್ದನ್ನು ಫೋನೇ ಮುಗಿಸಿತು. ಮನೆಯವರ ಗ್ರೂಪಿಗೆ ಹೋದದ್ದು ಹೀಗೆ: 'ಮಗಳ ಹಳೇ ಮಜ್ಜಿಗೆ ಚೆಲ್ಲಿ ತಮ್ಮನ ಮಜ್ಜಿಗೆ ಹಾಕತಾರಂತ. ಏನ ಮಾಡೂಣು?'

ವಿಜಯಪುರದಿಂದ ನನ್ನ ಅಕ್ಕ ಕೂಡಲೇ ಫೋನ್ ಮಾಡಿದಳು. "ಏ ಹುಚ್ಚಿ, ದವಾಖಾನ್ಯಾಗ ಮಜ್ಜಿಗಿ ಯಾಕ ಚೆಲ್ಲತಾರ? ಹುಳಿ ಆಗೇದೇನು?"

"ಮಜ್ಜಿಗಿ ಅಲ್ಲಬೇ ಅಕ್ಕಾ, ಮಜ್ಜಾ! ಎಲುಬಿನೊಳಗಿಂದು!"

"ಹಂಗಾರ ಹಂಗ ಬರಿ. ಬೆಂಕಿ ಹತ್ತಲಿ ನಿನ್ನ ಫೋನಿಗೆ." ಬೈದರೂ ಅಕ್ಕ ಫೋನ್ ಇಡಲಿಲ್ಲ. "ಆದ್ರೂ... ಹುಳಿ ಗಡಿಗಿ ತೊಳೀದ ಹೊಸಾ ಹೆಪ್ಪು ಹಾಕ್ತೀಯೇನು ನೀ?"

"ಇಲ್ಲ. ಕುದಿನೀರಿಲೆ ತೊಳೀತೀನಿ."

"ಮತ್ತ?"

ಮತ್ತೆ ಏನು? ಗಡಿಗೆಗೆ ಕುದಿನೀರು ಸುರಿದರೆ ಅದು ಅಳುವುದಿಲ್ಲ. ತಿಳಿದಂತೆಯೂ ಆಯಿತು, ತಿಳಿಯದಂತೆಯೂ ಆಯಿತು. ಮರುದಿನ ಮಗಳಿಗೆ ಅಕ್ಕನ ಗಡಿಗೆ-ಹೆಪ್ಪಿನ ಮಾತು ಹೇಳಿ ಹೂಂ ಎಂದೆ.

ದವಾಖಾನೆಯಲ್ಲಿ ಸೆಲ್ ಏರಿಸುವ ದಿನವನ್ನು ಝೀರೋ ಎಂದು ಹಿಡಿದು, ಅದಕ್ಕೆ ಮೊದಲಿನ ದಿನಗಳನ್ನು ಮೈನಸ್ ಏಳು, ಮೈನಸ್ ಆರು ಎಂದು ಎಣಿಸುತ್ತಿದ್ದರು. ಮುಂದೆ ಹೋಗುತ್ತಿದ್ದೇವೋ ಹಿಂದೆಯೋ ನನಗೆ ಗೊತ್ತಾಗಲಿಲ್ಲ. ಮೊದಲೆಲ್ಲ ರಕ್ತದ ಕಣಗಳು ಇಳಿದರೆ ಎಲ್ಲರೂ ಗಾಬರಿಯಾಗುತ್ತಿದ್ದರು. ಈಗ ಇಳಿದರೆ ನರ್ಸ್, "ಹೀಗೇ ಆಗಬೇಕು ಆಜಿ," ಎಂದು ಮರಾಠಿಯಲ್ಲಿ ಹೇಳಿ ನಕ್ಕಳು. ಮಗಳ ಬಾಯಿ ಹುಣ್ಣಾಗಿ ನೀರೂ ಇಳಿಯುತ್ತಿರಲಿಲ್ಲ. ನಾನು ನಗಬೇಕೋ ಅಳಬೇಕೋ?

ಝೀರೋ ದಿನ ಅವಳ ತಮ್ಮನ ಸ್ಟೆಮ್ ಸೆಲ್ ಬಂತು. ಅಂಗೈಯಗಲದ ಚೀಲ, ತಿಳಿ ಟೊಮೆಟೊ ಸಾರಿನ ಬಣ್ಣ. ಇಷ್ಟು ದಿನ ಇಷ್ಟೊಂದು ಸುಟ್ಟದ್ದು ಇಷ್ಟಕ್ಕೇನಾ ಎಂದು ಅವಳ ಕೋಣೆಯ ಗಾಜಿನ ಹೊರಗೆ ನಿಂತು ನೋಡಿದೆ.

ಇಂದು ಪ್ಲಸ್ ಒಂಬತ್ತು. ಕಣಗಳು ಇನ್ನೂ ಏರಿಲ್ಲ. ಕಾಯಬೇಕು ಎನ್ನುತ್ತಾರೆ, ಏರುತ್ತವೆ ಎಂದು ಯಾರೂ ಆಣೆ ಮಾಡಿ ಹೇಳುವುದಿಲ್ಲ. ಬೆಳಿಗ್ಗೆ ಒಳಗಿನಿಂದ ಮಗಳ ಮೆಸೇಜು ಬಂತು: 'ಅವ್ವಾ, ಹೆಪ್ಪು ಇನ್ನೂ ಕೂತಿಲ್ಲ.'

ಒಂದೊಂದೇ ಅಕ್ಷರ ಹುಡುಕಿ ಬರೆದೆ: 'ಗಡಿಗಿ ಅಳ್ಳಾಡಸಬ್ಯಾಡ. ಮಲ್ಕೊ.'

ಫೋನು 'ಮಲ್ಕೊ' ಎಂಬುದನ್ನು 'ಮಲ್ಲಿಗೆ' ಮಾಡಿತು. ಸೋಂಕು ತಗಲೀತೆಂದು ಅವಳ ಕೋಣೆಗೆ ಹೂವು ಒಯ್ಯುವಂತಿಲ್ಲ. ತಿದ್ದದೆ ಹಾಗೇ ಕಳಿಸಿದೆ.